ಮನೆಯೊಳಗಣ ಬೆಳ್ಳಿತೆರೆ

ಪರಸ್ಥಳದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಬರುತ್ತದೆಯೇ ಎಂದು ಊರ ಕಡೆಯ ನೆಂಟರು ಕೇಳಿದಾಗ ನಾವೆಲ್ಲರೂ ಕೊಡುವ ಉತ್ತರ ಒಂದೇ: “ಬರದೆ ಏನು? ಮನೆಯಲ್ಲಿ ನಾವಾಡುವುದು ಕನ್ನಡವೇ ಅಲ್ಲವೆ!” ಉತ್ತರವೇನೋ ಸುಳ್ಳಲ್ಲ. ಆದರೆ ಆ ಕನ್ನಡ ಎಂಥ ಕನ್ನಡ ಎಂಬುದನ್ನು ಒಂದು ದಿನ ಸುಮ್ಮನೆ ಕೂತು ಕೇಳಬೇಕು. ನಾನು ಕೇಳಿದ್ದೇನೆ. ಬೆಳಗಿನ ಆರೂವರೆಗೆ “ಏಳು” ಎಂಬಲ್ಲಿಂದ ಮೊದಲಾಗುತ್ತದೆ. ಹಲ್ಲುಜ್ಜು, ಹಾಲು ಕುಡಿ, ಬೇಗ ಹೊರಡು, ಚಪ್ಪಲಿ ಅಲ್ಲಿ ಬಿಡು, ಕೈ ತೊಳಿ, ಮೊಬೈಲು ಕೆಳಗಿಡು, ಊಟಕ್ಕೆ ಬಾ, ಮಲಗು. ಅಷ್ಟಕ್ಕೆ ದಿನ ಮುಗಿಯಿತು, ಕನ್ನಡವೂ ಮುಗಿಯಿತು. ವ್ಯಾಕರಣ ಬಲ್ಲವರು ಇದನ್ನು ವಿಧ್ಯರ್ಥವೆನ್ನುತ್ತಾರಂತೆ. ಹಾಗಾದರೆ ಪುಣೆಯ ನಮ್ಮ ಮನೆಯಲ್ಲಿ ಕನ್ನಡಕ್ಕೆ ಉಳಿದಿರುವುದು ವಿಧ್ಯರ್ಥವೊಂದೇ. ಮೊಮ್ಮಕ್ಕಳು ಜಗಳವಾಡುವುದು ಮರಾಠಿಯಲ್ಲಿ, ಆಟವಾಡುವುದು ಹಿಂದಿಯಲ್ಲಿ, ಗುಟ್ಟು ಹೇಳಿಕೊಳ್ಳುವುದು ಇಂಗ್ಲಿಷಿನಲ್ಲಿ. ಕನ್ನಡವೆಂದರೆ ಅವರ ಪಾಲಿಗೆ ಅಜ್ಜ ಅಜ್ಜಿಯರ ಅಪ್ಪಣೆ; ಅದು ಕಿವಿಗೆ ಬಿದ್ದೊಡನೆ ಏನೋ ಕೆಲಸ ಬಂತು ಎಂದು ಮುಖ ಸಣ್ಣಗೆ ಮಾಡುತ್ತಾರೆ.

ನಾನು ಹಾವೇರಿಯ ಕಡೆಯವಳು. ಚಿಕ್ಕವಳಿದ್ದಾಗ ನನಗೆ ಕನ್ನಡ ಕಲಿಸಿದವರು ಯಾರು ಎಂದು ಯೋಚಿಸಿದರೆ, ತಾಯಿತಂದೆಗಳಿಗಿಂತ ಹೆಚ್ಚಾಗಿ ನಮ್ಮ ಮನೆಯ ಕಟ್ಟೆಯೇ ಕಣ್ಣಿಗೆ ಬರುತ್ತದೆ. ಅಲ್ಲಿ ಮೆಣಸಿನಕಾಯಿ ಚೌಕಾಸಿ ನಡೆಯುತ್ತಿತ್ತು. ಸಾಲ ಕೇಳಲು ಬಂದವನು ಹವೆಯ ಮಾತು, ಬೆಳೆಯ ಮಾತು ಆಡಿ ಆಡಿ ಕೊನೆಗೆ ಮೆಲ್ಲಗೆ ಸಾಲದ ಮಾತಿಗೆ ಇಳಿಯುತ್ತಿದ್ದ. ಸತ್ತವರ ಮನೆಗೆ ಹೋಗಿಬಂದ ಹೆಂಗಸರು ಅಲ್ಲಿಯೇ ಕೂತು ಅರ್ಧ ಅಳುತ್ತ ಅರ್ಧ ಸೊಸೆಯಂದಿರನ್ನು ಆಡಿಕೊಳ್ಳುತ್ತಿದ್ದರು. ಯಾರೂ ನನ್ನೊಡನೆ ಮಾತಾಡುತ್ತಿರಲಿಲ್ಲ. ಅವರು ತಮ್ಮತಮ್ಮಲ್ಲಿ ಆಡಿದ್ದನ್ನು ನಾನು ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದೆ, ಅಷ್ಟೆ. ಮಕ್ಕಳು ಭಾಷೆ ಕಲಿಯುವುದು ಹೀಗೆ, ತಮಗೆ ಹೇಳದ ಮಾತನ್ನು ಕದ್ದು ಕೇಳಿ. ಆರನೆಯ ಮಹಡಿಯ ನಮ್ಮ ಫ್ಲಾಟಿನಲ್ಲಿ ಕಟ್ಟೆಯೆಲ್ಲಿ? ಕದ್ದು ಕೇಳಬೇಕೆಂದರೂ ನಾನೂ ನಮ್ಮ ಮನೆಯವರೂ ಆಡುವ ಮಾತು ಎರಡೇ: ಔಷಧಿಯ ವೇಳೆ ಮತ್ತು ನೀರು ಬರುವ ವೇಳೆ.

ಆದುದರಿಂದ ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಊಟವಾದ ಮೇಲೆ ಒಂದು ಕನ್ನಡ ಚಿತ್ರ ನೋಡುವ ಪದ್ಧತಿಯಿಟ್ಟುಕೊಂಡಿದ್ದೇವೆ. ಚಿತ್ರವೆಂದರೆ ಥಿಯೇಟರಿನಲ್ಲಿ ಸೀಟಿ ಹೊಡೆಸುವ ಚಿತ್ರಗಳಲ್ಲ. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ರಾಜಕುಮಾರರ ಚಿತ್ರಕ್ಕಾಗಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋದ ಪೀಳಿಗೆಯವಳು ನಾನು. ಆದರೆ ಈಗಿನ ದೊಡ್ಡ ಚಿತ್ರಗಳಲ್ಲಿ ಕಥಾನಾಯಕನು ಆಡುವುದೂ ಅಪ್ಪಣೆಯ ಮಾತೇ: ನಿಲ್ಲು, ಬಿಡು, ತೊಲಗು, ಮುಟ್ಟಿ ನೋಡು. ಅಪ್ಪಣೆ ಕೊಡುವವರು ಮನೆಯಲ್ಲಿ ಆಗಲೇ ಇಬ್ಬರಿದ್ದೇವೆ, ಮೂರನೆಯವನು ಬೇಡ. ಮೇಲಾಗಿ ಅಂಥವು ಜಾಹೀರಾತಿನ ಬಲದಿಂದ ತಾವಾಗಿಯೇ ಮನೆಗೆ ಬರುತ್ತವೆ. ತಾವಾಗಿ ಬಾರದ, ನಾವೇ ಹುಡುಕಿ ಕರೆದುಕೊಂಡು ಬರಬೇಕಾದ ಚಿತ್ರಗಳ ಮಾತು ಇಲ್ಲಿ ನಾನು ಆಡಹೊರಟಿರುವುದು. ಪ್ರಶಸ್ತಿ ಬಂದಾಗ ಪತ್ರಿಕೆಯಲ್ಲಿ ಅವುಗಳ ಹೆಸರು ಓದಿರುತ್ತೇವೆ, ನೋಡಿರುವುದಿಲ್ಲ.

ನಮ್ಮ ಸಂಸಾರವೂ ನಿಮ್ಮದರಂತೆಯೇ. ನಮ್ಮ ಮನೆಯವರು ಸಾಗರದ ಕಡೆಯ ಅಡಿಕೆ ತೋಟದ ಮನೆತನದವರು. ಪಿಂಪರಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮಗ ಪುಣೆಯಲ್ಲಿಯೇ ಹುಟ್ಟಿದವನು. ಸೊಸೆ ಸಾತಾರೆಯವಳು, ಮನೆಮಾತು ಮರಾಠಿ, ಬಹು ಜಾಣೆ. ಮೊಮ್ಮಗಳಿಗೆ ಹದಿನಾರು, ಮೊಮ್ಮಗನಿಗೆ ಹನ್ನೊಂದು. ಎಂದಮೇಲೆ ನಮ್ಮ ಪ್ರೇಕ್ಷಕವರ್ಗದಲ್ಲಿ ಕನ್ನಡ ಪೂರ್ತಿ ಬಲ್ಲವರು ಇಬ್ಬರು, ಅರ್ಧ ಬಲ್ಲವನು ಒಬ್ಬ, ಕಾಲುಭಾಗ ಬಲ್ಲವರು ಮೂವರು. ಪೂರ್ತಿ ಬಲ್ಲ ಇಬ್ಬರಿಗೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ಪೂರ್ತಿ ಒಪ್ಪಿಗೆಯಿಲ್ಲ ಎಂಬುದು ಬೇರೆ ಮಾತು.

ಮೊದಲು ಹೇಳಬೇಕಾದುದು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’. ವೈದೇಹಿಯವರ ಅದೇ ಹೆಸರಿನ ಕಥೆಯಿಂದ ಹುಟ್ಟಿದ, ೨೦೦೮ರ ಚಿತ್ರ. ಮೂಲ ಕಥೆಯಲ್ಲಿರುವುದು ಊರಿನ ಸಿನಿಮಾ ಮಂದಿರ. ಕಾಸರವಳ್ಳಿಯವರು ಅದನ್ನು ಬದಲಿಸಿ ಟೆಲಿವಿಷನ್ ಪೆಟ್ಟಿಗೆಯನ್ನು ಮನೆಯೊಳಕ್ಕೇ ತಂದಿದ್ದಾರೆ. ಕುಂದಾಪುರದ ಕಡೆಯ ಬೆಸ್ತರ ಕುದುರು. ಅಲ್ಲಿ ಗುಲಾಬಿ ಎಂಬ ಸೂಲಗಿತ್ತಿ, ಮುಸಲ್ಮಾನರವಳು, ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಶ್ರೀಮಂತರ ಮನೆಯವರು ಅವಳಿಗೆ ಬಣ್ಣದ ಟೆಲಿವಿಷನ್ನನ್ನೂ ಅದಕ್ಕೆ ತಕ್ಕ ಡಿಶ್ಶನ್ನೂ ಹಾಕಿಸಿಕೊಡುತ್ತಾರೆ. ಗಂಡಸರು ಕಡಲಿಗೆ ಹೋದೊಡನೆ ಊರಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಗುಲಾಬಿಯ ಮನೆಯೊಳಕ್ಕೆ ಬರುತ್ತಾರೆ. ಕೆಲವರು ಒಳಗೆ ಬರಲೊಲ್ಲದೆ ಹೊರಗಿನಿಂದಲೇ ಇಣುಕುತ್ತಾರೆ. ಕಾಲ ೧೯೯೯ರ ಆಸುಪಾಸು, ಕಾರ್ಗಿಲ್ ಯುದ್ಧದ ದಿನಗಳು. ಅದೇ ಪೆಟ್ಟಿಗೆಯೊಳಗಿಂದ ಯುದ್ಧದ ಸುದ್ದಿಯೂ ಬರುತ್ತದೆ; ಹೊರಗೆ ದೊಡ್ಡ ಬೋಟುಗಳವರಿಗೂ ಸಣ್ಣ ದೋಣಿಗಳವರಿಗೂ ಮೀನಿನ ಜಗಳ; ಆ ಜಗಳ ಮೆಲ್ಲಗೆ ಜಾತಿಯ ಬಣ್ಣ ಬಳಿದುಕೊಳ್ಳುತ್ತದೆ. ಮುಂದೆ ಗುಲಾಬಿಗೆ ಏನಾಗುತ್ತದೆಂಬುದನ್ನು ನಾನು ಹೇಳುವುದಿಲ್ಲ. ಗುಲಾಬಿಯಾದ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬಾರದಿದ್ದರೆ ಪ್ರಶಸ್ತಿಗೇ ಅವಮಾನವಾಗುತ್ತಿತ್ತು.

ನಾನು ಈ ಚಿತ್ರವನ್ನು ಮೊದಲು ಹೇಳಿದ್ದಕ್ಕೆ ಕಾರಣವುಂಟು. ಗುಲಾಬಿಯ ಮನೆಯಲ್ಲಿ ಸೇರಿದ ಹೆಂಗಸರು ತೆರೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ತಮ್ಮತಮ್ಮಲ್ಲಿ ಮಾತಾಡುತ್ತಾರೆ. ಗಂಡಂದಿರ ಮಾತು, ಅತ್ತೆಯರ ಮಾತು, ಬಾಯಿಬಿಟ್ಟು ಹೇಳಲಾಗದ ಮಾತು. ನಾನು ಕಂಬದ ಮರೆಯಲ್ಲಿ ನಿಂತು ಕೇಳಿದ್ದು ಇದೇ. ಚಿತ್ರ ಮೊದಲಾಗಿ ಹತ್ತು ನಿಮಿಷಕ್ಕೆ ಮೊಮ್ಮಗಳು “ಅಜ್ಜಿ, ಇದು ಕನ್ನಡವಾ?” ಎಂದಳು. ಕುಂದಾಪುರದ ಮಾತು ಸ್ವಾಮಿ, ನನಗೇ ನಾಲ್ಕರಲ್ಲೊಂದು ಮಾತು ಜಾರಿಹೋಗುತ್ತದೆ! ಆದರೆ ಅವಳ ಪ್ರಶ್ನೆ ಬಹಳ ಒಳ್ಳೆಯದು. ಕನ್ನಡವೆಂದರೆ ಅಜ್ಜಿಯದೊಂದೇ ಎಂದುಕೊಂಡಿದ್ದ ಹುಡುಗಿಗೆ, ಅದೊಂದು ದೊಡ್ಡ ಊರು, ಅಲ್ಲಿ ಬೇರೆ ಬೇರೆ ಓಣಿಗಳುಂಟು ಎಂಬುದು ಅಂದು ತಿಳಿಯಿತು. ಅದೇ ಕುಂದಾಪುರದ ಮಾತಿನ ರುಚಿ ಹತ್ತಿದವರು ಚಂಪಾ ಶೆಟ್ಟಿಯವರ ‘ಅಮ್ಮಚ್ಚಿಯೆಂಬ ನೆನಪು’ ಎಂಬ ೨೦೧೮ರ ಚಿತ್ರವನ್ನೂ ನೋಡಬಹುದು. ಅದೂ ವೈದೇಹಿಯವರ ಕಥೆಗಳದೇ.

ಇನ್ನು ‘ಬೆಟ್ಟದ ಜೀವ’. ಶಿವರಾಮ ಕಾರಂತರು ೧೯೪೩ರಲ್ಲಿ ಬರೆದ ಕಾದಂಬರಿಯನ್ನು ಓದದ ಹಿರಿಯರು ನಮ್ಮಲ್ಲಿ ಕಡಿಮೆ. ಅದನ್ನು ಪಿ. ಶೇಷಾದ್ರಿಯವರು ಚಿತ್ರ ಮಾಡಿ ೨೦೧೧ರಲ್ಲಿ ತೆರೆಗೆ ತಂದರು. ಪಶ್ಚಿಮಘಟ್ಟದ ದಟ್ಟ ಕಾಡಿನ ನಡುವೆ ಗೋಪಾಲಯ್ಯ, ಶಂಕರಮ್ಮ ಎಂಬ ಮುದುಕ ದಂಪತಿಗಳು. ದಾರಿ ತಪ್ಪಿ ಬಂದ ಪ್ರವಾಸಿಯೊಬ್ಬನನ್ನು ಹಿಡಿದು ನಿಲ್ಲಿಸಿಕೊಂಡು ಉಪಚಾರ ಮಾಡುತ್ತಾರೆ. ಎಷ್ಟು ಉಪಚಾರವೆಂದರೆ ಅವನಿಗೆ ಹೊರಡುವುದೇ ಕಷ್ಟವಾಗುತ್ತದೆ. ಮೆಲ್ಲಗೆ ತಿಳಿಯುವುದೇನೆಂದರೆ, ಅವರಿಗೊಬ್ಬ ಮಗನಿದ್ದಾನೆ, ಮನೆ ಬಿಟ್ಟು ಹೋದವನು ಬರಲೇ ಇಲ್ಲ. ಬಂದ ಅತಿಥಿಗೆ ಬಡಿಸುವ ಪ್ರತಿ ತುತ್ತಿನಲ್ಲೂ ಬಾರದ ಮಗನ ಪಾಲು ಸೇರಿರುತ್ತದೆ. ಗೋಪಾಲಯ್ಯನಾಗಿರುವವರು ದತ್ತಣ್ಣ, ಎಂದರೆ ಎಚ್. ಜಿ. ದತ್ತಾತ್ರೇಯರು. ವಾಯುಸೇನೆಯಲ್ಲಿದ್ದು ಊರೂರು ಸುತ್ತಿ ಬಂದ ಈ ಮನುಷ್ಯ ಕಾಡಿನಲ್ಲಿಯೇ ಹುಟ್ಟಿ ಕಾಡಿನಲ್ಲಿಯೇ ನರೆತವನಂತೆ ಕಾಣುತ್ತಾರೆ. ಹೆಂಡತಿಯನ್ನು ಛೇಡಿಸುತ್ತ ಛೇಡಿಸುತ್ತ ಅವಳ ದುಃಖವನ್ನು ಮರೆಸಲು ನೋಡುವ ಆ ಬಗೆಯನ್ನು ನೋಡಬೇಕು. ಪರಿಸರ ಸಂರಕ್ಷಣೆಯ ಉತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಿಕ್ಕಿದೆ. ಕಾಡು ಚೆನ್ನಾಗಿದೆ, ನಿಜ. ಆದರೆ ಪ್ರಶಸ್ತಿ ಕೊಟ್ಟವರ ಮಕ್ಕಳು ದೂರದೇಶಕ್ಕೆ ಹೋಗಿರಲಿಲ್ಲವೋ ಏನೋ.

ಚಿತ್ರ ಕೊಂಚ ನಿಧಾನ. ಮೊಮ್ಮಗ ನಡುವೆ ಎರಡು ಸಲ ಎದ್ದು ಫ್ರಿಜ್ಜಿನ ಯೋಗಕ್ಷೇಮ ವಿಚಾರಿಸಿ ಬಂದ. ನಮ್ಮ ಮನೆಯವರು ಮಾತ್ರ ಅಲ್ಲಾಡಲಿಲ್ಲ. ಮುಗಿದ ಮೇಲೆ ಏನೂ ಹೇಳದೆ ಬಾಲ್ಕನಿಗೆ ಹೋಗಿ ನಿಂತರು. ಸಾಗರದ ಕಡೆಯ ಆ ದೊಡ್ಡ ಮನೆಯಲ್ಲಿ ಈಗಿರುವವರು ನಮ್ಮ ಭಾವನವರೂ ಓರಗಿತ್ತಿಯೂ ಇಬ್ಬರೇ. ಅವರ ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಕಡಲಾಚೆ. ಮರುದಿನ ಬೆಳಗ್ಗೆ ಇವರು ಊರಿಗೆ ಫೋನು ಹಚ್ಚಿ ಅಣ್ಣನೊಡನೆ ಒಂದು ಗಂಟೆಯ ಕಾಲ ಮಾತಾಡಿದರು. ಮಾತೆಲ್ಲ ಅಡಿಕೆಯ ಕೊಳೆರೋಗದ್ದು, ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಕ್ಕದ್ದು, ಮಂಗಗಳ ಕಾಟದ್ದು. ಚಿತ್ರದ ಹೆಸರನ್ನೂ ಎತ್ತಲಿಲ್ಲ. ಆದರೆ ಮೊಮ್ಮಗ ಪಕ್ಕದಲ್ಲಿ ಕೂತು ಆ ಒಂದು ಗಂಟೆಯ ಮಾತನ್ನೂ ಕೇಳಿದ, ಫೋನು ಇಟ್ಟ ಮೇಲೆ “ಕೊಳೆ ಅಂದ್ರೆ ಏನು ಅಜ್ಜ?” ಎಂದ. ಅಜ್ಜನು ಕಾಗದ ತೆಗೆದುಕೊಂಡು ಅಡಿಕೆ ಗೊನೆಯ ಚಿತ್ರ ಬರೆಯಲು ಕೂತರು. ಅಂದಿನ ಇಡ್ಲಿ ತಣ್ಣಗಾಯಿತು.

ಇಲ್ಲಿ ಅಡಿಬರಹದ ವಿಷಯವನ್ನು ಹೇಳಿಬಿಡಬೇಕು. ನಿಮ್ಮ ಮನೆಯಲ್ಲಿಯೂ ಈ ತಂಟೆ ಹುಟ್ಟುವುದು ಖಂಡಿತ. ಇಂಥ ಚಿತ್ರಗಳಿಗೆ ಸಾಮಾನ್ಯವಾಗಿ ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಮೂಡಿಬರುತ್ತದೆ. ಅದಿದ್ದರೆ ಮಕ್ಕಳ ಕಣ್ಣೆಲ್ಲ ಅಲ್ಲಿ, ಕಿವಿ ಮುಚ್ಚಿಹೋಗುತ್ತದೆ. ಅದಿಲ್ಲದಿದ್ದರೆ ಸೊಸೆ ಪಾಪ, ಮೂಕಳಂತೆ ಕೂಡಬೇಕು. ಮಗ ತಾಯಿಯ ಪಕ್ಷವೋ ಹೆಂಡತಿಯ ಪಕ್ಷವೋ ತಿಳಿಯದೆ ರಿಮೋಟನ್ನು ಕೈಯಲ್ಲಿ ಹಿಡಿದು ನಡುಗುತ್ತಿದ್ದ. ನಾನು ಒಂದು ಉಪಾಯ ಮಾಡಿ ತೆರೆಯ ಕೆಳಗಿನ ಅಂಚಿಗೆ ಟವೆಲೊಂದನ್ನು ಇಳಿಬಿಟ್ಟು, ಸೊಸೆಗೆ ಬೇಕಾದಾಗ ಎತ್ತಿಕೊಳ್ಳಲಿ ಎಂದೆ. ಅದು ನಾಟಕ ಕಂಪೆನಿಯ ಪರದೆಯಂತಾಗಿ ಎಲ್ಲರೂ ನಕ್ಕು ಚಿತ್ರವೇ ಕೆಟ್ಟಿತು. ಕೊನೆಗೆ ದಾರಿ ತೋರಿಸಿದವಳು ಸೊಸೆಯೇ. ಚಿತ್ರಕ್ಕೆ ಮುಂಚೆ ಊಟದ ಹೊತ್ತಿನಲ್ಲಿ ಕಥೆಯ ಅರ್ಧದಷ್ಟನ್ನು ಯಾರಾದರೂ ಮರಾಠಿಯಲ್ಲಿ ಹೇಳಿಬಿಡುವುದು. ಆಮೇಲೆ ಅಡಿಬರಹವಿಲ್ಲದೆ ನೋಡುವುದು. ಹೇಳುವ ಸರದಿ ಮೊಮ್ಮಗಳದು. ಅವಳು ಹೇಳಬೇಕಾದರೆ ಅವಳಿಗೆ ನಾನು ಮೊದಲೇ ಕನ್ನಡದಲ್ಲಿ ಹೇಳಬೇಕು. ಆ ಕಾರಣದಿಂದ ಶನಿವಾರದ ಮಧ್ಯಾಹ್ನಗಳು ನನ್ನ ಪಾಲಿಗೆ ಬಂದಿವೆ.

ನಡುನಡುವೆ ಚಿತ್ರ ನಿಲ್ಲಿಸಿ ಅರ್ಥ ಹೇಳುವುದನ್ನು ದಯವಿಟ್ಟು ಮಾಡಬೇಡಿ. ಅದು ಪಾಠಶಾಲೆಯಾಗುತ್ತದೆ, ಮುಂದಿನ ವಾರ ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ.

ಮೊಮ್ಮಗಳ ಮಾತು ಬಂತೆಂದು ‘ಘಟಶ್ರಾದ್ಧ’ದ ಸುದ್ದಿ ಹೇಳುತ್ತೇನೆ. ಇದು ಕಾಸರವಳ್ಳಿಯವರ ಮೊದಲ ಚಿತ್ರ, ೧೯೭೭ರದು, ಕಪ್ಪುಬಿಳುಪು, ಅನಂತಮೂರ್ತಿಯವರ ಕಥೆ, ಬಿ. ವಿ. ಕಾರಂತರ ಸಂಗೀತ. ಆ ವರ್ಷದ ಸ್ವರ್ಣಕಮಲ ಇದಕ್ಕೇ. ಹಳೆಯ ಪ್ರತಿ ಮಸುಕಾಗಿತ್ತು. ಅದನ್ನು ತೊಳೆದು ತಿದ್ದಿ ಹೊಸದಾಗಿ ಮಾಡಿ ೨೦೨೪ರಲ್ಲಿ ವೆನಿಸಿನ ಚಿತ್ರೋತ್ಸವದಲ್ಲಿ ತೋರಿಸಿದರು. ಮಲೆನಾಡಿನ ಅಗ್ರಹಾರವೊಂದರ ವೇದಪಾಠಶಾಲೆಗೆ ನಾಣಿ ಎಂಬ ಪುಟ್ಟ ಹುಡುಗ ಬಂದು ಸೇರುತ್ತಾನೆ. ಗುರುಗಳ ಮಗಳು ಯಮುನಾ, ವಿಧವೆ, ಅವನನ್ನು ತಾಯಿಯಂತೆ ನೋಡಿಕೊಳ್ಳುತ್ತಾಳೆ. ಅವಳು ಗರ್ಭಿಣಿಯಾದದ್ದು ಊರಿಗೆ ತಿಳಿಯುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಗಡಿಗೆಯೊಡೆದು ಶ್ರಾದ್ಧ ಮಾಡುವುದು, ಅದೇ ಘಟಶ್ರಾದ್ಧ. ಎಲ್ಲವನ್ನೂ ನಾವು ನಾಣಿಯ ಕಣ್ಣಿನಿಂದಲೇ ನೋಡುತ್ತೇವೆ, ಅರ್ಧ ತಿಳಿದು ಅರ್ಧ ತಿಳಿಯದೆ. ಕಥೆ ಹುಡುಗನದಾದರೂ ಹುಡುಗರಿಗೆ ತೋರಿಸುವ ಚಿತ್ರವಲ್ಲ. ಹನ್ನೊಂದರವನನ್ನು ಮಲಗಿಸಿ, ಹದಿನಾರರವಳನ್ನು ಕೂಡಿಸಿಕೊಂಡೆ. ಅವಳನ್ನೂ ಮಲಗಿಸಬೇಕಿತ್ತೆಂದು ನಮ್ಮ ಮನೆಯವರ ಅಭಿಪ್ರಾಯ. ನನ್ನ ಅಭಿಪ್ರಾಯ ಬೇರೆ.

ಮುಗಿದ ಮೇಲೆ ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಮನೆಯಲ್ಲಿ ಹೀಗೆ ಯಾರಾದರೂ ಇದ್ದರಾ?” ಎಂದು ಕೇಳಿದಳು. ಇದ್ದರು. ನನ್ನ ಅಜ್ಜಿಯ ತಂಗಿ, ಹನ್ನೆರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಎಪ್ಪತ್ತು ವರ್ಷ ನಮ್ಮ ತವರುಮನೆಯ ಅಡಿಗೆಮನೆಯಲ್ಲಿದ್ದವರು. ಯಮುನಾಳ ಗತಿ ಅವರಿಗೆ ಬರಲಿಲ್ಲ. ಯಾವ ಗತಿಯೂ ಬರಲಿಲ್ಲ, ಅಷ್ಟೆ. ನನಗೆ ಹೆಣಿಗೆ ಹಾಕುತ್ತಿದ್ದ ಕೈ ಅವರದು. ಅದನ್ನೆಲ್ಲ ಹೇಳಿದೆ. “ಅವರ ಹೆಸರೇನು?” ಎಂದಳು. ಮನೆಯಲ್ಲಿ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಮಡಿಯಮ್ಮ’ ಎಂದೇ. ಹೆಸರಿತ್ತು, ತಂಗೆಮ್ಮ. ಆ ಹೆಸರನ್ನು ನಾನು ಬಾಯಿಬಿಟ್ಟು ಆಡಿ ಎಷ್ಟು ವರ್ಷವಾಗಿತ್ತೋ. ಹುಡುಗಿ ಅದನ್ನು ಎರಡು ಸಲ ತನಗೆ ತಾನೇ ಅಂದುಕೊಂಡು ಮಲಗಲು ಹೋದಳು. ಈ ಮಾತುಕತೆಯೆಲ್ಲ ಕನ್ನಡದಲ್ಲಿಯೇ ನಡೆಯಿತು. ಬೇರೆ ಭಾಷೆಯಲ್ಲಿ ನನಗೆ ಅದನ್ನು ಹೇಳಲು ಬರುತ್ತಿರಲಿಲ್ಲ, ಅವಳಿಗೆ ಕೇಳಲು ತೋಚುತ್ತಲೂ ಇರಲಿಲ್ಲ.

‘ದ್ವೀಪ’ವನ್ನು ಹೈದರಾಬಾದಿನ ಓದುಗರು ಸೌಂದರ್ಯ ಅವರಿಗಾಗಿಯಾದರೂ ನೋಡಬೇಕು. ತೆಲುಗಿನಲ್ಲಿ ಅಷ್ಟು ಮೆರೆದ ನಟಿ ಈ ಕನ್ನಡ ಚಿತ್ರವನ್ನು ತಾವೇ ನಿರ್ಮಿಸಿ, ನಾಗಿಯೆಂಬ ಹಳ್ಳಿಯ ಗೃಹಿಣಿಯಾಗಿ ನಟಿಸಿದರು. ಎರಡೇ ವರ್ಷಗಳಲ್ಲಿ, ೨೦೦೪ರಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಥೆ ನಾ. ಡಿಸೋಜರದು, ೨೦೧೪ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು ಸಾಗರದವರು, ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅಣೆಕಟ್ಟಿನ ನೀರು ಏರುತ್ತದೆ, ಊರು ಖಾಲಿಯಾಗುತ್ತದೆ, ಬೆಟ್ಟದ ಮೇಲೊಂದು ಸಂಸಾರ ಮಾತ್ರ ಹೋಗಲೊಲ್ಲದೆ ಉಳಿಯುತ್ತದೆ. ಮನೆಯುಳಿಸಲು ಹಗಲಿರುಳು ದುಡಿಯುವವಳು ನಾಗಿ. ಉಳಿದದ್ದು ದೇವರ ದಯೆಯಿಂದ ಎನ್ನುವವನು ಗಂಡ. ಈ ಮಾತು ಬಂದಾಗ ನಾನೂ ಸೊಸೆಯೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು, ಅಡಿಬರಹ ಬೇಕಾಗಲಿಲ್ಲ. ಮಳೆ ಮಾತ್ರ ಎಂಥ ಮಳೆ! ರಾಮಚಂದ್ರ ಹಳ್ಕೆರೆಯವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಮೇ ತಿಂಗಳಿನ ಪುಣೆಯ ಸೆಖೆಯಲ್ಲಿ ನೋಡಿರಿ, ಮನೆ ತಂಪಾಗುತ್ತದೆ.

ಸೊಸೆಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಹಸೀನಾ’. ೨೦೨೫ರಲ್ಲಿ ಬಾನು ಮುಷ್ತಾಕರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅವಳ ಕಚೇರಿಯಲ್ಲಿ ಕೈಯಿಂದ ಕೈಗೆ ಓಡಾಡಿತಂತೆ. “ನಿಮ್ಮ ಕನ್ನಡದವರಂತಲ್ಲ, ಅತ್ತೆ” ಎಂದು ನನ್ನ ಕೈಗೂ ತಂದಿಟ್ಟಳು. ಆ ಹಾಸನದ ಲೇಖಕಿಯ ‘ಕರಿ ನಾಗರಗಳು’ ಕಥೆ ೨೦೦೪ರಲ್ಲಿಯೇ ಚಿತ್ರವಾಗಿತ್ತೆಂದೂ, ತಾರಾ ಅವರಿಗೆ ಅದರಿಂದ ರಾಷ್ಟ್ರಪ್ರಶಸ್ತಿ ಬಂದಿತ್ತೆಂದೂ ಹೇಳಿದಾಗ ಅವಳಿಗೆ ಆಶ್ಚರ್ಯ. ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟುಹೋದ ಬಡ ಹೆಂಗಸು ಮಸೀದಿಯ ಹಿರಿಯರ ಮುಂದೆ ಹೋಗಿ ನ್ಯಾಯ ಕೇಳುತ್ತಾಳೆ. ಇಪ್ಪತ್ತು ವರ್ಷದ ಹಿಂದೆಯೇ ಕನ್ನಡಿಗರು ಮನೆಯಲ್ಲಿ ಕೂತು ನೋಡಬಹುದಾಗಿದ್ದ ಕಥೆಯನ್ನು ಲಂಡನ್ನಿನವರು ಹೇಳಿದ ಮೇಲೆ ನೋಡಿದವರೇ ಹೆಚ್ಚು. ಇದಕ್ಕೆ ನಮ್ಮ ಮನೆಯೇನೂ ಹೊರತಲ್ಲ.

ಇಷ್ಟೆಲ್ಲ ಅಳುವಿನ ಚಿತ್ರಗಳೇ ಆದವೆಂದು ನೀವು ಬೇಸರಪಟ್ಟುಕೊಳ್ಳುವ ಮೊದಲೇ ‘ತಿಥಿ’ಯ ಹೆಸರು ಹೇಳುತ್ತೇನೆ. ಹೆಸರು ಕೇಳಿ ನಮ್ಮ ಮನೆಯವರು “ಶನಿವಾರದ ದಿನ ತಿಥಿಯೇ?” ಎಂದು ಮುಖ ಗಂಟುಹಾಕಿದ್ದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ನೂರೊಂದು ವರ್ಷದ ಸೆಂಚುರಿಗೌಡ ತೀರಿಕೊಂಡಿದ್ದಾನೆ. ಮಗ ಗಡ್ಡಪ್ಪನಿಗೆ ಅದರ ಪರಿವೆಯೇ ಇಲ್ಲ. ಬೀಡಿ ಸೇದುತ್ತ ಹೊಲದಲ್ಲಿ ಅಡ್ಡ ಉದ್ದ ನಡೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ; ಅದಕ್ಕಾಗಿ ಬದುಕಿರುವ ಅಪ್ಪನಿಗೆ ಮರಣಪತ್ರ ಮಾಡಿಸುತ್ತಾನೆ! ಮರಿಮಗನಿಗೆ ಕುರಿ ಕಾಯುವ ಹುಡುಗಿಯ ಹಿಂದೆ ಓಡುವುದೇ ಕೆಲಸ. ಹನ್ನೊಂದನೆಯ ದಿನದ ತಿಥಿಯೊಳಗೆ ಇವೆಲ್ಲ ಗಂಟುಬೀಳುತ್ತವೆ. ರಾಮ್ ರೆಡ್ಡಿ ಎಂಬ ತರುಣ ನಿರ್ದೇಶಕರು, ಈರೇಗೌಡರೊಡನೆ ಕಥೆ ಹೆಣೆದು, ಹಳ್ಳಿಯವರನ್ನೇ ನಟರನ್ನಾಗಿ ಮಾಡಿ ತೆಗೆದ ಈ ಚಿತ್ರಕ್ಕೆ ೨೦೧೫ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಬಹುಮಾನ ಬಂದವು. ಎಚ್ಚರಿಕೆ ಕೊಟ್ಟುಬಿಡುತ್ತೇನೆ: ಮಂಡ್ಯದ ಬೈಗುಳಗಳು ಸೋಸದೆ ಬಡಿಸಿದ ಸಾರಿನಂತೆ ಹಾಗೆಯೇ ಬರುತ್ತವೆ. ಚಿಕ್ಕವರ ಮುಂದೆ ಬೇಡವೆನ್ನುವವರು ಅವರು ಮಲಗಿದ ಮೇಲೆ ನೋಡಲಿ. ಮುಖ ಗಂಟುಹಾಕಿದ್ದವರು ಮಾತ್ರ ಗಡ್ಡಪ್ಪ ಕಂಡಾಗಲೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವರ ಸೋದರಮಾವನೊಬ್ಬರು ಹೀಗೆಯೇ ನಡೆದುಕೊಂಡು ಹೋಗುತ್ತಿದ್ದರಂತೆ. ಮದುವೆಯಾಗಿ ನಲವತ್ತನಾಲ್ಕು ವರ್ಷದ ಮೇಲೆ ನನಗೆ ಆ ಮಾವನ ಸಮಾಚಾರ ತಿಳಿಯಿತು.

ಚಿಕ್ಕವರಿಗೆ ಸತ್ಯಪ್ರಕಾಶರ ‘ಒಂದಲ್ಲಾ ಎರಡಲ್ಲಾ’ ಸಾಕು, ೨೦೧೮ರದು. ಸಮೀರನೆಂಬ ಹುಡುಗ ಕಳೆದುಹೋದ ತನ್ನ ಹಸುವನ್ನು ಹುಡುಕಿಕೊಂಡು ಹೋಗುತ್ತಾನೆ. ಹೆಚ್ಚು ಹೇಳುವುದೇನೂ ಇಲ್ಲ, ಕೂಡಿಸಿ ತೋರಿಸಿ.

ನನ್ನ ಸ್ವಂತದ ಪಕ್ಷಪಾತವನ್ನು ಈಗ ತೋಡಿಕೊಳ್ಳುತ್ತೇನೆ. ನಮ್ಮ ಉತ್ತರದ ಮಾತನ್ನು ಸಿನಿಮಾದವರು ಬಹುಕಾಲ ನಗೆಗೆ ಮಾತ್ರ ಬಳಸಿದರು. ಮನೆಗೆಲಸದವನೋ ಪೊಲೀಸ್ ಪೇದೆಯೋ ಬಂದಾಗಲೇ “ಏನ್ರೀ, ಹೌದ್ರೀ”. ಜಯಶಂಕರ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ನೋಡಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಶಿವಮ್ಮ. ಶಕ್ತಿಯ ಪುಡಿ ಮಾರಿದರೆ ಸಾಹುಕಾರ್ತಿಯಾಗಬಹುದೆಂದು ಯಾರೋ ತಲೆಗೆ ತುಂಬಿದ್ದಾರೆ. ಊರಲ್ಲಿ ಒಬ್ಬರನ್ನೂ ಬಿಡದೆ ಹಿಡಿದು ಕುಡಿಸುತ್ತಾಳೆ. ಮನೆಯಲ್ಲಿ ಮಗಳ ಮದುವೆಯ ಚಿಂತೆ ಬೇರೆ. ಅವಳನ್ನು ನೋಡಿ ನಗಬೇಕೋ ಬಯ್ಯಬೇಕೋ ಮೆಚ್ಚಬೇಕೋ ತಿಳಿಯುವುದಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಹೀಗೆಯೇ, ಬಿದ್ದರೂ ಮೂಗು ಮೇಲೆ. ೨೦೨೨ರಲ್ಲಿ ಕೊರಿಯಾದ ಬುಸಾನಿನಲ್ಲಿ ಮೊದಲ ಬಹುಮಾನಗಳಲ್ಲೊಂದು ಇದಕ್ಕೆ ಬಂತು. ಕೊರಿಯಾದವರಿಗೆ ನಮ್ಮ ಮಾತು ತಿಳಿದದ್ದಕ್ಕಿಂತ, ನಮ್ಮ ಮನೆಯವರಿಗೆ ಪೂರ್ತಿ ತಿಳಿಯಲಿಲ್ಲವೆಂಬುದೇ ನನಗೆ ಹೆಚ್ಚು ಸಮಾಧಾನ. ಅಂದು ಅವರು ನನ್ನನ್ನು ಅರ್ಥ ಕೇಳಬೇಕಾಯಿತು.

ಮದ್ರಾಸಿನ, ಅಲ್ಲ, ಚೆನ್ನೈಯ ಓದುಗರು ‘ತಬರನ ಕಥೆ’ಯನ್ನು ಬಿಡಬಾರದು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಕಾಸರವಳ್ಳಿಯವರ ನಿರ್ದೇಶನ, ೧೯೮೬ರ ಸ್ವರ್ಣಕಮಲ. ತಬರನಾಗಿ ಉತ್ತಮ ನಟನೆಂಬ ರಾಷ್ಟ್ರಪ್ರಶಸ್ತಿ ಪಡೆದವರು ತಮಿಳಿನ ಚಾರುಹಾಸನ್, ಕಮಲಹಾಸನರ ಅಣ್ಣ. ನಿವೃತ್ತನಾದ ಮುನಿಸಿಪಾಲಿಟಿಯ ಜವಾನನೊಬ್ಬ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುತ್ತದೆ. “ಆನ್‌ಲೈನಿನಲ್ಲಿ ಅರ್ಜಿ ಹಾಕಬಾರದೇ?” ಎಂದ ನಮ್ಮ ಮೊಮ್ಮಗ. ಅವನ ಅಪ್ಪ ಹೇಳಿದ, “ಹಾಕಿದರೆ ಸರ್ವರ್ ಇರುವುದಿಲ್ಲ.” ಮಾತು ಮರಾಠಿಯಲ್ಲಿ ಆದರೂ ಸೊಸೆ ನಗಲಿಲ್ಲ, ಅವಳ ತಂದೆಯ ಕಾಗದಗಳು ಯಾವುದೋ ಕಚೇರಿಯಲ್ಲಿ ಎರಡು ವರ್ಷದಿಂದ ಕೂತಿದ್ದವು.

ಕನ್ನಡ ಚಿತ್ರಗಳನ್ನು ಪರರಾಜ್ಯದಲ್ಲಿ ಕೂತು ನೋಡುವುದೇ ಎಂದು ಯಾರಾದರೂ ಕನಿಕರಪಟ್ಟರೆ ಒಂದು ಮಾತು ನೆನಪಿಡಿ. ಕನ್ನಡದ ಮೊದಲ ಬೋಲುಪಟ ‘ಸತಿ ಸುಲೋಚನಾ’ ೧೯೩೪ರಲ್ಲಿ ತಯಾರಾದದ್ದು ನಮ್ಮ ಪುಣೆಯಿಂದ ಕೂಗಳತೆಯಲ್ಲದಿದ್ದರೂ ಬಸ್ಸಿನಳತೆಯಲ್ಲಿರುವ ಕೊಲ್ಹಾಪುರದ ಸ್ಟುಡಿಯೋದಲ್ಲಿ. ರಾಜಕುಮಾರರನ್ನು ನಾಯಕರನ್ನಾಗಿ ಮಾಡಿದ ೧೯೫೪ರ ‘ಬೇಡರ ಕಣ್ಣಪ್ಪ’ದಲ್ಲಿ ಮದರಾಸಿನ ಎ.ವಿ.ಎಂ. ಅವರ ಪಾಲಿತ್ತು. ಕನ್ನಡ ಸಿನಿಮಾವೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಪರಸ್ಥಳಕ್ಕೆ ಹೋಗಿ ಬಾಡಿಗೆ ಮನೆಯಲ್ಲಿದ್ದು ಬೆಳೆದದ್ದೇ.

ಈ ಚಿತ್ರಗಳೆಲ್ಲ ಎಲ್ಲಿ ಸಿಕ್ಕುತ್ತವೆ ಎಂದು ನೀವು ಕೇಳುವಿರಿ. ಇಂದು ಒಂದೆಡೆ ಇದ್ದದ್ದು ನಾಳೆ ಇರುವುದಿಲ್ಲವಾದ್ದರಿಂದ ನಾನು ವಿಳಾಸ ಕೊಡಲಾರೆ. ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಬರೆದು ಮೊಮ್ಮಕ್ಕಳ ಕೈಗೆ ಕೊಡಿ. ಹುಡುಕುವ ವಿದ್ಯೆ ಅವರದು. ನಿಮ್ಮ ಮನೆಯಲ್ಲಿ ನೋಡಿ ಮೆಚ್ಚಿದ್ದು ಬೇರೆ ಏನಾದರೂ ಇದ್ದರೆ ಸಂಪಾದಕರಿಗೆ ಒಂದು ಕಾಗದ ಹಾಕಿರಿ. ನಮ್ಮ ಪಟ್ಟಿಯಲ್ಲಿ ಇನ್ನು ನಾಲ್ಕು ಶನಿವಾರಕ್ಕಾಗುವಷ್ಟು ಮಾತ್ರ ಉಳಿದಿದೆ.

ಬರುವ ಶನಿವಾರಕ್ಕೆ ನಮ್ಮ ಮನೆಯವರು ‘ನಾಂದಿ’ಯನ್ನು ಆರಿಸಿದ್ದಾರೆ. ಎನ್. ಲಕ್ಷ್ಮೀನಾರಾಯಣರ ಮೊದಲ ಚಿತ್ರ, ೧೯೬೪ರದು. ಹಾರಾಟ ಹೊಡೆದಾಟಗಳಿಲ್ಲದ ರಾಜಕುಮಾರರನ್ನು ಮಕ್ಕಳು ನೋಡಲಿ ಎಂದು ಅವರ ಆಸೆ. ಕಿವಿ ಕೇಳದ, ಮಾತು ಬಾರದ ಹೆಂಡತಿಯಾಗಿ ಹರಿಣಿ ನಟಿಸಿದ್ದಾರೆ. ಊಟದ ಹೊತ್ತಿನಲ್ಲಿ ಮೊಮ್ಮಗಳು ಕಥೆ ಹೇಳುತ್ತಿದ್ದಾಗ ಮೊಮ್ಮಗ ನಡುವೆ ಬಾಯಿಹಾಕಿ, “ಮಾತೇ ಆಡದವಳ ಸಿನಿಮಾ ನೋಡಿ ನಾನು ಕನ್ನಡ ಹ್ಯಾಗೆ ಕಲೀಲಿ ಅಜ್ಜಿ?” ಎಂದ. ‘ಹ್ಯಾಗೆ’ ನನ್ನದು, ‘ಕಲೀಲಿ’ ಅವರ ಅಜ್ಜನದು. ಇಬ್ಬರೂ ತಮ್ಮ ತಮ್ಮ ಪಾಲನ್ನು ಗುರುತಿಸಿಕೊಂಡು ಊಟ ಮುಂದುವರಿಸಿದೆವು.